ಚಿತ್ರದ ಪ್ಯಾನೆಲ್ ಇಟ್ಟು ಕೌದಿ ಹೊಲಿಯುವುದು ಹೇಗೆ?

ನಡುವೆ ಒಂದೇ ದೊಡ್ಡ ಚಿತ್ರ ಅಚ್ಚಾದ ಬಟ್ಟೆ (ಅದೇ ಪ್ಯಾನೆಲ್), ಸುತ್ತ ಪಟ್ಟಿ, ಕೆಳಗೆ ಹಳೆ ಸೀರೆಯ ಪದರು. ಪ್ಯಾನೆಲ್ ಕೌದಿ ಎಂದರೆ ಇಷ್ಟೇ. ತುಂಡು ಕತ್ತರಿಸಿ ಜೋಡಿಸುವ ಗೋಜಿಲ್ಲವಲ್ಲ ಎಂದು ಹೊಸಬರು ಇದನ್ನೇ ಮೊದಲು ಹಿಡಿಯುತ್ತಾರೆ. ಆದರೆ ತುಂಡು ಕೌದಿ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಅರಿವೆ ಹೆಚ್ಚಾದರೆ ಒಂದು ಮಡಿಕೆ, ಅದರ ಮೇಲೊಂದು ತುಂಡು, ಯಾರಿಗೂ ಗೊತ್ತಾಗದು. ಪ್ಯಾನೆಲ್‌ನಲ್ಲಿ ಹಾಗೆ ಮಾಡಿದರೆ ನವಿಲಿನ ಕತ್ತೇ ಮಡಿಕೆಯೊಳಗೆ ಹೋಗಿಬಿಡುತ್ತದೆ. ಹಾಗಾಗಿ ಇಲ್ಲಿ ಅರ್ಧ ಕೆಲಸ ಸೂಜಿ ಹಿಡಿಯುವ ಮೊದಲೇ ಮುಗಿದಿರಬೇಕು.

ಏನೇನು ಬೇಕು?

ಒಬ್ಬರು ಹೊದ್ದುಕೊಳ್ಳುವ, ಸುಮಾರು 55 ಇಂಚು ಅಗಲ 81 ಇಂಚು ಉದ್ದದ ಕೌದಿಯ ಲೆಕ್ಕ ಇದು. 36 × 44 ಇಂಚಿನ ಹತ್ತಿಯ ಪ್ಯಾನೆಲ್ ಒಂದು. ಒಳಪಟ್ಟಿಗೆ 44 ಇಂಚು ಪನ್ನದ ಹತ್ತಿ ಬಟ್ಟೆ ಅರ್ಧ ಮೀಟರ್. ಹೊರಪಟ್ಟಿ ಮತ್ತು ಅಂಚಿನ ಗೋಟಿಗೆ ಅದೇ ಪನ್ನದ್ದು 3 ಮೀಟರ್ (ನೀರಿಗೆ ಹಾಕಿದಾಗ ಕುಗ್ಗುವುದೂ ಇದರಲ್ಲೇ ಸೇರಿದೆ). ಹಳೆಯ ಹತ್ತಿ ಸೀರೆ ಮೂರು: ಎರಡು ಒಳಪದರಕ್ಕೆ, ಒಂದು ಅಸ್ತರಿಗೆ. ಐದೂವರೆ ಮೀಟರಿನ ಒಂದು ಸೀರೆಯಿಂದ 86 ಇಂಚಿನ ಎರಡು ತುಂಡು ತೆಗೆದು ಪಕ್ಕಪಕ್ಕ ಜೋಡಿಸಿದರೆ, 60 ಇಂಚು ಅಗಲದ ಒಂದು ಪದರ ಸಿಕ್ಕು ಮೇಲಿಷ್ಟು ಉಳಿಯುತ್ತದೆ. ಮೂರೂ ಪದರಗಳ ಜೋಡುಹೊಲಿಗೆ ಒಂದರ ಮೇಲೊಂದು ಬರದಂತೆ ನೋಡಿಕೊಳ್ಳಿ. ಬಂದರೆ ಅಲ್ಲಿ ಸೂಜಿ ಇಳಿಯುವುದಿಲ್ಲ.

ಪಾಲಿಯೆಸ್ಟರ್ ಸೀರೆಯನ್ನು ಒಳಗೆ ತುರುಕಬೇಡಿ. ಹೊಲಿಯುವಾಗ ಜಾರುತ್ತದೆ, ರಾಯಚೂರಿನ ಸೆಕೆಯಲ್ಲಿ ಹೊದ್ದವರ ಬೆವರು ಹೀರುವುದೂ ಇಲ್ಲ. ಪ್ಯಾನೆಲ್ ಹತ್ತಿಯದೋ ಅಲ್ಲವೋ ಎಂಬ ಅನುಮಾನ ಬಂದರೆ ಅಂಚಿನಿಂದ ಒಂದು ಎಳೆ ಎಳೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಳ್ಳಾರಿ ಜೀನ್ಸ್ ಊರು, ಕಟ್‌ಪೀಸ್‌ಗೆ ಬರವಿಲ್ಲ. ಅದನ್ನೇ ಹೊರಪಟ್ಟಿ ಮಾಡೋಣ ಎಂದು ಅನೇಕರಿಗೆ ಅನಿಸುತ್ತದೆ. ಬೇಡ. ದಪ್ಪ ಡೆನಿಮ್‌ನ ಭಾರಕ್ಕೆ ತೆಳು ಪ್ಯಾನೆಲ್ ಜಗ್ಗುತ್ತದೆ, ನಾಲ್ಕು ಪದರ ಸೇರಿದ ಮೇಲೆ ಕೈಸೂಜಿ ಇಳಿಯದು, ಮೊದಲ ಒಗೆತದಲ್ಲೇ ಅದರ ನೀಲಿ ಚಿತ್ರಕ್ಕೆ ಹತ್ತಬಹುದು. ಹಾಕಲೇಬೇಕೆಂಬ ಹಟವಿದ್ದರೆ ಶರ್ಟಿಗೆ ಬಳಸುವ ತೆಳು ಡೆನಿಮ್ ತಂದು, ನೀರು ತಿಳಿಯಾಗುವವರೆಗೆ ಒಗೆದು ಬಳಸಿ.

ಮೊದಲು ನೀರು, ಆಮೇಲೆ ಕತ್ತರಿ

ಹಳೆ ಸೀರೆ ವರ್ಷಗಟ್ಟಲೆ ಒಗೆಸಿಕೊಂಡು ಕುಗ್ಗುವಷ್ಟು ಕುಗ್ಗಿರುತ್ತದೆ. ಪ್ಯಾನೆಲ್ ಮತ್ತು ಪಟ್ಟಿಯ ಬಟ್ಟೆ ಹೊಸದು. ಹಾಗೇ ಹೊಲಿದರೆ ಮೊದಲ ಒಗೆತಕ್ಕೆ ಮೇಲಿನದು ಕುಗ್ಗಿ, ಕೆಳಗಿನದು ಇದ್ದಷ್ಟೇ ಇದ್ದು, ಕೌದಿ ತುಂಬ ಸುಕ್ಕು. ಪ್ಯಾನೆಲ್‌ನ ನಾಲ್ಕೂ ಅಂಚಿಗೆ ಎಳೆ ಬಿಚ್ಚದಂತೆ ಕಚ್ಚಾ ಹೊಲಿಗೆ ಹಾಕಿ, ತಣ್ಣೀರಲ್ಲಿ ಅರ್ಧ ಗಂಟೆ ಬಿಟ್ಟು, ಹಿಂಡದೆ ನೆರಳಿನಲ್ಲಿ ಒಣಗಿಸಿ. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಬಿಳಿ ಬಟ್ಟೆಯನ್ನು ಕೆಂಪು, ಕಡುನೀಲಿ ಭಾಗದ ಮೇಲಿಟ್ಟು ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಮತ್ತೆರಡು ಸಲ ನೀರು ಬದಲಿಸಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಮುದ್ರಣವಾದ ಮೇಲೆ ಉಪ್ಪು ಹೆಚ್ಚೇನೂ ಮಾಡದು.

ಓರೆ ತೆಗೆಯುವುದು

ಪ್ಯಾನೆಲ್‌ನ ಮುಖ್ಯ ತೊಂದರೆ ಇದೇ. ಅಚ್ಚು ಬೀಳುವಾಗ ಬಟ್ಟೆ ಒಂದಿಷ್ಟು ಜಗ್ಗಿದರೂ ಚಿತ್ರದ ಚೌಕಟ್ಟು ಹಾಸುಹೊಕ್ಕಿನ ಎಳೆಗೆ ಸರಿಯಾಗಿ ಕೂಡುವುದಿಲ್ಲ. ಹೂಬಳ್ಳಿಯಾದರೆ ನಡೆದುಹೋಗುತ್ತದೆ. ಹಂಪಿಯ ಕಲ್ಲಿನ ರಥ, ಗೋಪುರದಂಥ ನೆಟ್ಟಗಿನ ಗೆರೆಗಳ ಚಿತ್ರದಲ್ಲಿ ಓರೆ ಬೇಗ ಕಣ್ಣಿಗೆ ಹೊಡೆಯುತ್ತದೆ.

ಪ್ಯಾನೆಲ್ ಹಾಸಿ, ಮುದ್ರಿತ ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಟೇಪು ಹಿಡಿಯಿರಿ. ಎರಡೂ ಅಳತೆ ಒಂದೇ ಇದ್ದರೆ ಚೌಕ ಸರಿ. ಒಂದು ಕಡಿಮೆ ಬಂದರೆ ಬಟ್ಟೆಗೆ ನೀರು ಚಿಮುಕಿಸಿ, ಆ ಕಡಿಮೆ ಇರುವ ಎರಡು ಮೂಲೆಗಳನ್ನು ಇಬ್ಬರು ಹಿಡಿದು ನಿಧಾನಕ್ಕೆ ಜಗ್ಗಿ. ಮತ್ತೆ ಅಳೆದು, ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿ. ಇಸ್ತ್ರಿಯನ್ನು ಎತ್ತಿ ಎತ್ತಿ ಒತ್ತಬೇಕು. ಶರ್ಟಿಗೆ ಎಳೆದಂತೆ ಎಳೆದರೆ ಈಗಷ್ಟೇ ತೆಗೆದ ಓರೆ ವಾಪಸ್ ಬರುತ್ತದೆ. ವ್ಯತ್ಯಾಸ ಅರ್ಧ ಇಂಚಿನೊಳಗೆ ಬಂದರೆ ಸಾಕು. ಒಂದು ಇಂಚಿಗಿಂತ ಹೆಚ್ಚಿನ ಓರೆ ಜಗ್ಗಿದರೂ ನಿಲ್ಲುವುದಿಲ್ಲ, ಅಂಥ ಪ್ಯಾನೆಲನ್ನು ಕೊಳ್ಳುವಾಗಲೇ ಬಿಡುವುದು ಲೇಸು.

ಆಮೇಲೆ ಚೌಕಟ್ಟಿನ ಗೆರೆಯಿಂದ ಅರ್ಧ ಇಂಚು ಹೊರಗೆ, ಹೊಲಿಗೆಗೆಂದು ಬಿಟ್ಟು, ಕತ್ತರಿಸಿ. ನಮ್ಮ ಲೆಕ್ಕಕ್ಕೆ ಪ್ಯಾನೆಲ್ 34 × 42 ಇಂಚು ಉಳಿಯಿತು ಎಂದಿಟ್ಟುಕೊಳ್ಳಿ.

ಪಟ್ಟಿ ಜೋಡಣೆ

ಎಲ್ಲ ಹೊಲಿಗೆಗೂ ಅರ್ಧ ಇಂಚು. ಒಳಪಟ್ಟಿ 4 ಇಂಚು ಅಗಲ: ಎಡಬಲಕ್ಕೆ 42 ಇಂಚಿನವು ಎರಡು, ಅವು ಕೂತ ಮೇಲೆ ಮೇಲೆ ಕೆಳಗೆ 40 ಇಂಚಿನವು ಎರಡು. ಈಗ ಅಳತೆ 40 × 48. ಹೊರಪಟ್ಟಿ ಎಡಬಲಕ್ಕೆ 9 ಇಂಚು ಅಗಲ, 48 ಉದ್ದ. ಮೇಲೆ ಕೆಳಗೆ 18 ಇಂಚು ಅಗಲ, 56 ಉದ್ದ. ಎಲ್ಲ ಸೇರಿ 56 × 82 ಆಗುತ್ತದೆ.

ನಿಮ್ಮ ಪ್ಯಾನೆಲ್ ಅಳತೆ ಬೇರೆಯಿದ್ದರೆ ಪಟ್ಟಿಯ ಉದ್ದವನ್ನು ಪ್ಯಾನೆಲ್‌ನ ಅಂಚಿನಲ್ಲಿ ಅಳೆಯದೆ ನಟ್ಟನಡುವೆ ಅಳೆದು ಕತ್ತರಿಸಿ, ಏಕೆಂದರೆ ಅಂಚು ಜಗ್ಗಿರುತ್ತದೆ. ಉದ್ದನೆ ಪಟ್ಟಿ ಇಟ್ಟು ಹೊಲಿಯುತ್ತಾ ಹೋಗಿ ಕೊನೆಗೆ ಉಳಿದದ್ದನ್ನು ಕತ್ತರಿಸುವ ಟೇಲರ್ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಪಟ್ಟಿ ಅಂಚಿನ ಜಗ್ಗಿಗೆ ತಕ್ಕಂತೆ ಉದ್ದವಾಗಿ, ಕೌದಿಯ ಅಂಚು ಅಲೆಅಲೆಯಾಗುತ್ತದೆ. ಪಟ್ಟಿಯ ಮಧ್ಯವನ್ನು ಪ್ಯಾನೆಲ್‌ನ ಮಧ್ಯಕ್ಕೆ, ತುದಿಯನ್ನು ತುದಿಗೆ ಪಿನ್ ಮಾಡಿ, ನಡುವಿನದನ್ನು ಸಮನಾಗಿ ಹಂಚಿ ಹೊಲಿಯಿರಿ.

ಪದರ ಮತ್ತು ಹೊಲಿಗೆ

ಅಸ್ತರನ್ನು ಸುತ್ತ 2 ಇಂಚು ಹೆಚ್ಚಿಟ್ಟು, ಒಳಮೈ ಮೇಲೆ ಮಾಡಿ ನೆಲಕ್ಕೆ ಹಾಸಿ ಅಂಚಿಗೆ ಟೇಪು ಅಂಟಿಸಿ. ಬಿಗಿಯಾಗಿರಲಿ, ಜಗ್ಗಿರಬಾರದು. ಅದರ ಮೇಲೆ ಸೀರೆಯ ಎರಡು ಪದರ, ಎಲ್ಲಕ್ಕೂ ಮೇಲೆ ಚಿತ್ರ. ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ, 4 ಇಂಚಿಗೊಂದು ಸೇಫ್ಟಿ ಪಿನ್ ಹಾಕಿ.

ನಮ್ಮ ಕಡೆ ಕೌದಿ ಹೊಲಿಯುವವರು ಅಂಚಿನಿಂದ ಸುತ್ತು ಹೊಡೆಯುತ್ತಾ ನಡುವಿಗೆ ಬರುತ್ತಾರೆ. ತುಂಡು ಕೌದಿಗೆ ಅದೇ ಸರಿಯಾದ ದಾರಿ. ಪ್ಯಾನೆಲ್‌ಗೆ ಮಾತ್ರ ಅದು ತಿರುಗಬೇಕು. ಸೂಜಿ ಸರಿದಂತೆ ಸಡಿಲು ಬಟ್ಟೆ ಮುಂದೆ ಮುಂದೆ ಹೋಗುತ್ತದೆ. ಅಂಚಿನಿಂದ ಶುರು ಮಾಡಿದರೆ ಅದೆಲ್ಲ ಬಂದು ಚಿತ್ರದ ನಡುವೆ ಬುಗ್ಗೆಯಾಗಿ ನಿಲ್ಲುತ್ತದೆ, ಅಲ್ಲಿಂದ ಅದಕ್ಕೆ ಹೋಗಲು ದಾರಿಯಿಲ್ಲ. ಆದ್ದರಿಂದ ಚಿತ್ರದ ಮುಖ್ಯ ಆಕೃತಿಯ ಹೊರಗೆರೆಯನ್ನು ಮೊದಲು ಹೊಲಿದು, ಅಲ್ಲಿಂದ ಸುತ್ತು ಸುತ್ತಾಗಿ ಹೊರಗೆ ಬನ್ನಿ. ಅಂಚು ಮುಟ್ಟುವಾಗ ಸಡಿಲು ಹೊರಗೆ ಹೋಗಿಬಿಟ್ಟಿರುತ್ತದೆ.

ಹೊಲಿಗೆ ಮಾಮೂಲಿ ಓಟದ ಟಾಕಿಯೇ. ಮೇಲೆ ಕಾಣುವ ಪ್ರತಿ ಟಾಕಿ ಕಾಲಿಂಚಿನಷ್ಟಿರಲಿ. ದಪ್ಪ ಹತ್ತಿ ದಾರ ಒಳ್ಳೆಯದು. ಮೆಷಿನ್ ದಾರವೇ ಇದ್ದರೆ ಎರಡೆಳೆ ಮಾಡಿಕೊಳ್ಳಿ. ಮೊಳಕ್ಕಿಂತ ಬಹಳ ಉದ್ದದ ದಾರ ಗಂಟು ಬೀಳುತ್ತದೆ. ಮುಖ, ಕೈಬೆರಳಿನ ಮೇಲೆ ಸಾಲು ಹಾಯಿಸಬೇಡಿ, ಸುತ್ತಲಿನ ಗೆರೆ ಸಾಕು. ಉಳಿದೆಡೆ ಸಾಲಿನಿಂದ ಸಾಲಿಗೆ ಒಂದೂವರೆಯಿಂದ 2 ಇಂಚು. ಚಿತ್ರದ ಮೇಲೆ ಒತ್ತೊತ್ತಾಗಿ ಹೊಲಿದು, ಪಟ್ಟಿಗೆ ಬರುವಾಗ ಬೇಸರವಾಗಿ ಸಾಲು ದೂರ ದೂರ ಮಾಡುವವರೇ ಹೆಚ್ಚು. ಒತ್ತಾಗಿ ಹೊಲಿದ ಕಡೆ ಬಟ್ಟೆ ಕುಗ್ಗುತ್ತದೆ, ಬಿಟ್ಟ ಕಡೆ ಉಬ್ಬುತ್ತದೆ. ಕೌದಿ ಹಾಸಿದರೆ ಚಪ್ಪಟೆ ಕೂರುವುದಿಲ್ಲ.

ಅಂಚು

ಅಸ್ತರು, ಪದರಗಳನ್ನು ಮೇಲಿನ ಬಟ್ಟೆಗೆ ಸಮನಾಗಿ ಕತ್ತರಿಸಿ. ಎರಡೂವರೆ ಇಂಚು ಅಗಲದ ಗೋಟು ಸುಮಾರು 290 ಇಂಚು ಬೇಕು. ಹೊರಪಟ್ಟಿ ತೆಗೆದು ಉಳಿದ ಬಟ್ಟೆಯಲ್ಲೇ 48 ಇಂಚಿನ ಏಳು ತುಂಡು ಸಿಗುತ್ತವೆ. ಕೌದಿಯ ಅಂಚು ನೇರವಾಗಿರುವುದರಿಂದ ಕ್ರಾಸ್ ಪಟ್ಟಿ (ಎಳೆಗೆ ಓರೆಯಾಗಿ ಕತ್ತರಿಸಿದ್ದು) ಬೇಕಿಲ್ಲ. ಉದ್ದಕ್ಕೆ ಎರಡಾಗಿ ಮಡಚಿ, ಮುಂಭಾಗದಿಂದ ಅರ್ಧ ಇಂಚಿಗೆ ಹೊಲಿದು, ಹಿಂದಕ್ಕೆ ತಿರುಗಿಸಿ ಕೈಯಿಂದ ಹೆಮ್ ಮಾಡಿ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ತ್ರಿಕೋನ ಇಡುವುದು ಕೌದಿಯ ರೂಢಿ. ಗೋಟು ಹೊಲಿಯುವಾಗಲೇ ಅದನ್ನು ನಡುವೆ ಸಿಕ್ಕಿಸಿದರೆ ಭದ್ರ. ಆಮೇಲೆ ಹೊಲಿದದ್ದು ಒಗೆಯುವ ಕಲ್ಲಿನ ಮೇಲೆ ಕಿತ್ತು ಬರುತ್ತದೆ.