ತೋಪಿನ ಕಾವಲು ಶೆಡ್ಡಿಗೆ 12 ವೋಲ್ಟ್ ಸೋಲಾರ್: ಅಂಗಡಿಗೆ ಹೋಗೋ ಮುಂಚೆ ಮಾಡ್ಕೋಬೇಕಾದ ಲೆಕ್ಕ

ಶ್ರೀನಿವಾಸಪುರದ ಕಡೆ ಕಾಯಿ ಬಲಿತ ಮೇಲೆ ಮಾವಿನ ತೋಪಲ್ಲಿ ರಾತ್ರಿ ಯಾರಾದ್ರೂ ಒಬ್ರು ಮಲಗ್ಲೇಬೇಕು, ಇಲ್ಲಾಂದ್ರೆ ಬೆಳಗ್ಗೆ ಹೊತ್ಗೆ ಮರದಲ್ಲಿ ಎಲೆ ಅಷ್ಟೇ ಉಳಿದಿರುತ್ತೆ. ನಮ್ಮ ಶೆಡ್ಡಿಗೆ ಲೈನಿಲ್ಲ. ಮೊದಲ್ನೇ ವರ್ಷ ನಾನು ಬುದ್ಧಿವಂತ ಅನ್ಕೊಂಡು ಟ್ರ್ಯಾಕ್ಟರ್ ಬ್ಯಾಟ್ರಿಯಿಂದಾನೇ ಬಲ್ಬು ಫ್ಯಾನು ಎಲ್ಲಾ ಎಳೆದೆ, ನಾಲ್ಕನೇ ದಿನ ತೋತಾಪುರಿ ಲೋಡ್ ಮಾಡಿ ಮಂಡಿಗೆ ಹೊರಡೋಣ ಅಂತ ಕೀ ತಿರುಗಿಸಿದ್ರೆ ಟಕ್ ಅಂತ ಒಂದು ಸೌಂಡು, ಅಷ್ಟೇ. ಸ್ಟಾರ್ಟರ್ ಬ್ಯಾಟ್ರಿ ಪ್ಲೇಟು ತೆಳ್ಳಗಿರುತ್ತೆ, ಎರಡು ಮೂರು ಸೆಕೆಂಡು ಜೋರಾಗಿ ಒದಿಯೋಕೆ ಮಾಡಿರೋದು, ರಾತ್ರಿಯೆಲ್ಲಾ ನಿಧಾನಕ್ಕೆ ಹಿಂಡಿದ್ರೆ ಬೇಗ ಸಾಯುತ್ತೆ. ಶೆಡ್ಡಿಗೆ ಬೇಕಾಗಿರೋದು ಟ್ಯೂಬುಲರ್ (ನಿಧಾನಕ್ಕೆ ಹಿಂಡೋಕೆ ಅಂತಾನೇ ಮಾಡಿರೋ ಲೆಡ್ ಆಸಿಡ್ ಬ್ಯಾಟ್ರಿ) ಅಥವಾ ಲಿಥಿಯಂ.

ಆದ್ರೆ ಬ್ಯಾಟ್ರಿ ಆಮೇಲೆ, ಮೊದಲು ಖರ್ಚು ಬರ್ಕೊಳ್ಳಿ. ವ್ಯಾಟ್ ಇಂಟು ಗಂಟೆ, ಇಷ್ಟೇ ಲೆಕ್ಕ. ನಮ್ದು ಹೀಗಿದೆ: 30 ವ್ಯಾಟಿನ ಡಿಸಿ, ಅಂದ್ರೆ ನೇರ ಬ್ಯಾಟ್ರಿ ಕರೆಂಟಲ್ಲಿ ಓಡೋ ಫ್ಯಾನು 8 ಗಂಟೆ ಅಂದ್ರೆ 240, 9 ವ್ಯಾಟಿಂದು ಎರಡು ಬಲ್ಬು 4 ಗಂಟೆ ಅಂದ್ರೆ 72, ಎರಡು ಫೋನಿಗೆ ಒಂದು 30, ಆಮೇಲೆ ಕ್ಯಾಮೆರಾ ರೌಟರ್ ಸೇರಿ 10 ವ್ಯಾಟು, ಇದು ಏನ್ಮಹಾ ಅನ್ಸುತ್ತೆ ಆದ್ರೆ 24 ಗಂಟೆ ಓಡುತ್ತಲ್ಲ, 240! ಫ್ಯಾನು ತಿಂದಷ್ಟೇ ತಿನ್ನುತ್ತೆ. ಒಟ್ಟು 582, ಒಂದು 600 ವ್ಯಾಟ್ ಅವರ್ ಅಂತ ಇಟ್ಕೊಳ್ಳಿ.

ಈಗ ಬ್ಯಾಟ್ರಿ. 12 ವೋಲ್ಟು 100 ಎಎಚ್ (ಆಂಪ್ ಅವರ್) ಅಂದ್ರೆ 12 ಇಂಟು 100, 1200 ವ್ಯಾಟ್ ಅವರ್, ಆದ್ರೆ ಲೆಡ್ ಆಸಿಡ್ ಬಾಳಿಕೆ ಬರಬೇಕಂದ್ರೆ ಅರ್ಧಕ್ಕಿಂತ ಕೆಳಗೆ ಇಳಿಸ್ಬಾರದು, ಅಲ್ಲಿಗೆ ಕೈಗೆ ಸಿಗೋದು 600. ಮೋಡ ಮುಚ್ಚಿದ ದಿನಕ್ಕೆ ಏನೂ ಉಳಿಯಲ್ಲ, ಹಂಗಾಗಿ ನಾನು 150 ಹಾಕಿದೆ. ಡಿಸ್ಟಿಲ್ಡ್ ವಾಟರ್ ನೋಡ್ಕೋತಿರಿ, ಗಾಳಿ ಆಡೋ ಕಡೆ ಇಡಿ, ಚಾರ್ಜ್ ಆಗೋವಾಗ ಹೈಡ್ರೋಜನ್ ಬರುತ್ತೆ. ನಮ್ಮ ತಾತನಿಗೆ ಬೀಡಿ ಆಚೆ ಹೋಗಿ ಸೇದು ಅಂದ್ರೆ ಇವತ್ತಿಗೂ ಕೋಪ.

ಪ್ಯಾನಲ್ ವಿಷ್ಯದಲ್ಲಿ ನಾನು ಮೋಸ ಹೋದೆ. 335 ವ್ಯಾಟಿನ ದೊಡ್ಡ ಪ್ಯಾನಲ್ಲು ಕೊಟ್ಟು ಜೊತೆಗೆ ಪ್ಯಾನಲ್ಲಿಂದ ಬ್ಯಾಟ್ರಿಗೆ ಹೋಗೋ ಚಾರ್ಜು ನೋಡ್ಕೊಳ್ಳೋಕೆ ಕಮ್ಮಿ ರೇಟಿನ ಪಿಡಬ್ಲ್ಯೂಎಂ ಅನ್ನೋ ಥರದ ಕಂಟ್ರೋಲರ್ ಕೊಟ್ರು, ಇದೇ ಸಾಕು ಸಾರ್ ಅಂದ್ರು. ಆ ಪ್ಯಾನಲ್ಲು ಸುಮಾರು 37 ವೋಲ್ಟಲ್ಲಿ 9 ಆಂಪ್ಸ್ ಕೊಡುತ್ತೆ. ಪಿಡಬ್ಲ್ಯೂಎಂ ಅದನ್ನ ಬ್ಯಾಟ್ರಿ ವೋಲ್ಟೇಜಿಗೆ ಎಳೆದು ಕೂರಿಸುತ್ತೆ, ಆಂಪ್ಸ್ ಮಾತ್ರ ಅಷ್ಟೇ ಇರುತ್ತೆ, 13 ಇಂಟು 9 ಅಂದ್ರೆ 117 ವ್ಯಾಟು, ಮಿಕ್ಕಿದ್ದು ಗೋವಿಂದ. ಎಂಪಿಪಿಟಿ ಅಂತ ಇನ್ನೊಂದು ಥರದ ಕಂಟ್ರೋಲರ್ ಇದೆ, ಅದು ಹೆಚ್ಚಿರೋ ವೋಲ್ಟನ್ನ ಆಂಪ್ಸ್ ಮಾಡಿ ಕೊಡುತ್ತೆ; ಅದನ್ನ ಹಾಕಿದ್ಮೇಲೆ ಅದೇ ಪ್ಯಾನಲ್ಲಲ್ಲಿ ಒಳ್ಳೆ ಬಿಸಿಲಿಗೆ 20 ಆಂಪ್ಸ್ ದಾಟ್ತು. 30 ಆಂಪಿಂದು ತಗೊಳ್ಳಿ. ವೈರ್ ಕೊಡೋವಾಗ ಕಂಟ್ರೋಲರಿಗೆ ಮೊದಲು ಬ್ಯಾಟ್ರಿ, ಆಮೇಲೆ ಪ್ಯಾನಲ್ಲು; ಬಿಚ್ಚೋವಾಗ ಉಲ್ಟಾ.

ಇನ್ನು ನೆರಳು. ತೋಪು ಅಂದ್ಮೇಲೆ ನೆರಳಿದ್ದೇ ಇರುತ್ತೆ, ಆದ್ರೆ ಪ್ಯಾನಲ್ ಒಳಗೆ ಸೆಲ್ಲುಗಳೆಲ್ಲಾ ಒಂದರ ಹಿಂದೆ ಒಂದು ಸೇರ್ಕೊಂಡಿರೋದ್ರಿಂದ ಒಂದು ಕೊಂಬೆ ನೆರಳು ಬಿದ್ರೂ ಅರ್ಧಕ್ಕರ್ಧ ಹೋಗ್ಬಿಡುತ್ತೆ. ಶೆಡ್ಡಿನ ಮೇಲೇ ಇಡಬೇಕು ಅಂತ ಹಟ ಬೇಡ, ಬಯಲಲ್ಲಿ ಕಂಬ ನೆಟ್ಟು ಹಾಕಿ.

ಹಾಗೆ ದೂರ ಹಾಕಿದ್ರೆ ವೈರು ದಪ್ಪ ಬೇಕು, ಇದನ್ನ ಮನೆ ವೈರಿಂಗ್ ಮಾಡೋ ಎಲೆಕ್ಟ್ರಿಷಿಯನ್ನುಗಳೂ ಮರೀತಾರೆ. ಮನೇಲಿ 230 ವೋಲ್ಟು, 120 ವ್ಯಾಟಿಗೆ ಅರ್ಧ ಆಂಪು; ಇಲ್ಲಿ 12 ವೋಲ್ಟು, ಅದೇ 120 ವ್ಯಾಟಿಗೆ 10 ಆಂಪು. 2.5 ಸ್ಕ್ವೇರ್ ಎಂಎಂ ತಾಮ್ರದ ವೈರಲ್ಲಿ 10 ಆಂಪು 10 ಮೀಟರ್ ಹೋಗಿ ವಾಪಸ್ ಬರೋಷ್ಟರಲ್ಲಿ ಒಂದೂವರೆ ವೋಲ್ಟು ದಾರೀಲೇ ಖಾಲಿ. 6 ಸ್ಕ್ವೇರಲ್ಲಾದ್ರೆ 0.6.

ಫ್ಯೂಸು ಬ್ಯಾಟ್ರಿ ಪ್ಲಸ್ಸಿಂದ ಒಂದು ಗೇಣು ದೂರದಲ್ಲೇ ಇರಬೇಕು, ಆ ಕಡೆ ಗೋಡೆ ಹತ್ರ ಅಲ್ಲ. ಫ್ಯೂಸು ಇರೋದು ಫ್ಯಾನ್ ಉಳಿಸೋಕಲ್ಲ, ವೈರಿಗೆ ಬೆಂಕಿ ಬೀಳದೇ ಇರೋಕೆ. ಇಲಿ ವೈರ್ ಕಡಿದು ಶಾರ್ಟ್ ಆದ್ರೆ ಈ 12 ವೋಲ್ಟೇ ನೂರಾರು ಆಂಪ್ಸ್ ಸುರಿಯುತ್ತೆ. ಒಂದ್ಸಲ ಸ್ಪಾನರ್ ಜಾರಿ ಎರಡು ಟರ್ಮಿನಲ್ ಮಧ್ಯೆ ಬಿದ್ದಿತ್ತು, ಅದರ ತುದಿ ಈಗ್ಲೂ ಕಚ್ಚಿ ತಿಂದಂಗಿದೆ. ಫ್ಯೂಸ್ ಬದಲು ಎಂಸಿಬಿ (ಕರೆಂಟ್ ಜಾಸ್ತಿಯಾದ್ರೆ ತಾನೇ ಬೀಳೋ ಸ್ವಿಚ್ಚು) ಹಾಕೋದಾದ್ರೆ ಡಿಸಿ ಅಂತ ಬರೆದಿರೋದೇ ತಗೊಳ್ಳಿ, ಡಿಸಿ ಕಿಡಿ ಎಸಿ ಥರ ಸುಲಭವಾಗಿ ಆರಲ್ಲ.

ಇನ್ವರ್ಟರ್ ಬೇಕೇ ಬೇಕಾ ಯೋಚ್ನೆ ಮಾಡಿ. 500 ವ್ಯಾಟಿನ ಮಿಕ್ಸಿಗೆ ಬ್ಯಾಟ್ರಿಯಿಂದ 45 ಆಂಪಿನ ಮೇಲೆ ಎಳೆಯುತ್ತೆ, ಚಟ್ನಿ ಮನೆಯಿಂದಾನೇ ತನ್ನಿ.

ಎಲ್ಲಾ ಆದ್ಮೇಲೆ ದಿನಾ ಬೆಳಗ್ಗೆ ಬಿಸಿಲು ಬೀಳೋ ಮುಂಚೆ ಫ್ಯಾನು ಕ್ಯಾಮೆರಾ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಮಲ್ಟಿಮೀಟರ್ ಇಡಿ. 12.7 ಇದ್ರೆ ಫುಲ್, 12.2 ಅಂದ್ರೆ ಅರ್ಧ, ಲಿಥಿಯಮ್ಮಿಗೆ ಈ ನಂಬರ್ ನಡೆಯಲ್ಲ. 12.2ಕ್ಕಿಂತ ಕೆಳಗಿದ್ದು ಆಕಾಶದಲ್ಲಿ ಮೋಡಾನೂ ಇದ್ರೆ ಅವತ್ತು ರಾತ್ರಿ ಕ್ಯಾಮೆರಾ ಓಡ್ಲಿ, ನೀವು ಮಂಚ ಆಚೆ ಹಾಕ್ಕೊಳ್ಳಿ.