ಹಾಸನದಿಂದ ಮಂಗಳೂರು: ಮಗನ ಜೊತೆ ಒಂದೇ ದಿನ, ರೂಮ್ ಮಾಡದೆ

ಹಾಸನದಿಂದ ಚಿಕ್ಕ ಮಗುವನ್ನು ಕರೆದುಕೊಂಡು ಮಂಗಳೂರಿಗೆ ಹೋಗಿ, ರೂಮ್ ಮಾಡದೆ, ಊರನ್ನೂ ಸಮುದ್ರವನ್ನೂ ತೋರಿಸಿ, ಅದೇ ರಾತ್ರಿ ವಾಪಸ್ ಹೊರಡಬಹುದು. ನಾನು ಮಾಡಿದ್ದೇನೆ. ಈಗ ಅದು ನಮ್ಮ ಮನೆಯಲ್ಲಿ ಪ್ರತಿ ಚಳಿಗಾಲದ ರೂಢಿ ಆಗಿದೆ. ಮೊದಲು ಹೇಳಿದಾಗ ಯಾರೂ ಒಪ್ಪಲಿಲ್ಲ. "ಶಿರಾಡಿಯಲ್ಲೇ ವಾಂತಿ ಮಾಡ್ಕೊಂಡು ಮಲಗೋ ಹುಡುಗನಿಗೆ ಸಮುದ್ರ ಏನು ತೋರಿಸ್ತೀಯಾ" ಅಂದರು ಅತ್ತೆ. "ಎರಡು ದಿನ ಇಲ್ಲದೆ ಆಗಲ್ಲ" ಅಂದರು ನಮ್ಮ ಯಜಮಾನರು. ಪಕ್ಕದ ಮನೆಯವರು ಲಾಡ್ಜ್ ನಂಬರ್ ಬೇರೆ ಕೊಟ್ಟರು.

ಅವರು ಹೇಳಿದ್ದಕ್ಕೆ ಕಾರಣ ಇತ್ತು. ಅದಕ್ಕೂ ಮುಂಚೆ ಬಸ್ಸು, ಕಾರು, ಟ್ಯಾಕ್ಸಿ ಎಲ್ಲ ನೋಡಿ ಆಗಿತ್ತು. ಬೆಳಗಿನ ಬಸ್ಸಿನಲ್ಲಿ ಹೊರಟರೆ ಮಾರನಹಳ್ಳಿ ದಾಟುವ ತನಕ ಮಗ ಆರಾಮ. ಆಮೇಲೆ ಮುಖ ಬಿಳುಚಿಕೊಳ್ಳುತ್ತದೆ. ಗುಂಡ್ಯ ಬರುವಷ್ಟರಲ್ಲಿ ಎರಡು ಕವರ್ ತುಂಬಿರುತ್ತದೆ. ಶುಂಠಿ ಪೆಪ್ಪರ್‌ಮಿಂಟ್ ಕೊಟ್ಟು ನೋಡಿದೆ. ನಿಂಬೆಹಣ್ಣು ಮೂಸಿಸಿದೆ. ಖಾಲಿ ಹೊಟ್ಟೆಯಲ್ಲಿ ಕೂರಿಸಿದೆ, ಮೊಸರನ್ನ ತಿನ್ನಿಸಿ ಕೂರಿಸಿದೆ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಇದರಲ್ಲಿ ನಿಂಬೆಹಣ್ಣು ಸ್ವಲ್ಪ ಕೆಲಸ ಮಾಡುತ್ತದೆ, ಖಾಲಿ ಹೊಟ್ಟೆ ಎಲ್ಲಕ್ಕಿಂತ ಕೆಟ್ಟದ್ದು. ಡಾಕ್ಟರ್ ಬರೆದುಕೊಟ್ಟ ಮಾತ್ರೆಗೆ ವಾಂತಿ ನಿಂತಿತು. ಆದರೆ ಮಧ್ಯಾಹ್ನದವರೆಗೂ ತೂಕಡಿಕೆ ಹೋಗಲಿಲ್ಲ. ಆ ಸಲ ಅವನು ಪಣಂಬೂರು ಬೀಚಿನಲ್ಲಿ ಹೆಗಲ ಮೇಲೆ ಮಲಗಿಯೇ ಕಳೆದ.

ಕಾರಿನಲ್ಲಿ ಹೋದರೆ ನಿಲ್ಲಿಸಿ ನಿಲ್ಲಿಸಿ ಹೋಗಬಹುದು, ನಿಜ. ಆದರೆ ಹೋಗೋದೇ ಸುಮಾರು 170 ಕಿಲೋಮೀಟರ್, ಬರೋದೂ ಅಷ್ಟೇ. ಡೀಸೆಲ್ಲಿಗೇ ಮೂರು ಸಾವಿರದ ಹತ್ತಿರ. ಹಂಪನಕಟ್ಟೆಯಲ್ಲಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ. ಓಡಿಸಿದವರು ಸಮುದ್ರದ ಹತ್ತಿರ ಬಂದಾಗ ಮರಳಿನ ಮೇಲೆ ನಿದ್ದೆ. ಟ್ಯಾಕ್ಸಿ ಮಾಡಿದಾಗ ಏಳು ಸಾವಿರ ದಾಟಿತು. ಅಷ್ಟು ಕೊಟ್ಟರೂ ಡ್ರೈವರ್ ಮೂರು ಗಂಟೆಗೇ "ಹೊರಡೋಣ ಮೇಡಂ" ಅಂತ ಶುರು ಮಾಡಿದ.

ಇಷ್ಟೆಲ್ಲ ಆದ ಮೇಲೆ ನನಗೆ ಹೊಳೆದದ್ದು ಒಂದೇ ವಿಷಯ. ಘಾಟಿಯನ್ನು ಮಗು ಮಲಗಿಕೊಂಡು ದಾಟಬೇಕು. ಕೂತು ಅಲ್ಲ, ಮಲಗಿ. ಹೋಗುವಾಗಲೂ, ಬರುವಾಗಲೂ. ಉಳಿದದ್ದನ್ನೆಲ್ಲ ಅದರ ಸುತ್ತ ಜೋಡಿಸಿಕೊಂಡೆ.

ಹೋಗುವುದಕ್ಕೆ ರಾತ್ರಿಯ ಬೆಂಗಳೂರು–ಕಣ್ಣೂರು ಗಾಡಿ. ಹಾಸನಕ್ಕೆ ಹನ್ನೆರಡು ದಾಟಿದ ಮೇಲೆ ಬರುತ್ತದೆ, ಬೆಳಿಗ್ಗೆ ಏಳರ ಆಸುಪಾಸಿನಲ್ಲಿ ಮಂಗಳೂರು ಸೆಂಟ್ರಲ್. ಹನ್ನೆರಡರ ಮೇಲಿನ ಗಾಡಿ ಅಲ್ವಾ, ಟಿಕೆಟ್ಟಿನ ತಾರೀಕು ಮರುದಿನದ್ದು ಆಗುತ್ತದೆ. ಬುಕ್ ಮಾಡುವಾಗ ಅದನ್ನು ಎರಡು ಸಲ ನೋಡಿ. ಐದರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬೇರೆ ಬರ್ತ್ ಬೇಡ ಅಂದರೆ ಅರ್ಧ ಚಾರ್ಜು, ಬರ್ತ್ ಬೇಕು ಅಂದರೆ ಪೂರ್ತಿ. 2016ರಿಂದ ಹೀಗೇ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಸ್ಲೀಪರ್‌ನಲ್ಲಿ ತಲಾ ಇನ್ನೂರರ ಒಳಗೇ ಮುಗಿಯುತ್ತದೆ, ಮಗನಿಗೆ ಪೂರ್ತಿ ಬರ್ತ್ ತೆಗೆಯಿರಿ. ಕೈಕಾಲು ಚಾಚಿ ಮಲಗಿದ ಮಗುವಿಗೆ ಘಾಟಿ ಬಂದದ್ದೇ ಗೊತ್ತಾಗಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ. ಗಾಡಿ ಮೆಲ್ಲಗೆ ಇಳಿಯುತ್ತದೆ. ನಮ್ಮವನು ಅಷ್ಟೂ ಹೊತ್ತು ಗೊರಕೆ ಹೊಡೆದ. ಯಾವ ಕೋಚಿನಲ್ಲಿ, ಎಷ್ಟನೇ ನಂಬರಿನ ಬರ್ತ್ ತೆಗೆದರೆ ಕುಲುಕಾಟ ಕಡಿಮೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದು ಎಲ್ಲರಿಗೂ ಗೊತ್ತಾದರೆ ನನಗೇ ಸಿಗಲ್ಲ.

ಆ ದಿನ ಸಂಜೆ ಏಳೂವರೆಗೇ ಊಟ ಮಾಡಿಸಿ ಮನೆಯಲ್ಲಿ ಮಲಗಿಸಿಬಿಡುತ್ತೇನೆ. ಹನ್ನೊಂದೂವರೆಗೆ ಎತ್ತಿಕೊಂಡು ಆಟೋ. ಸ್ಟೇಷನ್ನಿನಲ್ಲಿ ಎಚ್ಚರವಾದರೂ ಮಾತಾಡಿಸಲ್ಲ, ಮೊಬೈಲ್ ತೋರಿಸಲ್ಲ.

ಸುಬ್ರಹ್ಮಣ್ಯದ ಕಾಡನ್ನು ಮಗು ನೋಡದೆ ಹೋಗುತ್ತಲ್ಲ ಅಂತ ಕೇಳಿದವರೂ ಇದ್ದಾರೆ. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಯಶವಂತಪುರ–ಮಂಗಳೂರು ಹಗಲು ಗಾಡಿಗೆ 2021ರಲ್ಲಿ ಗಾಜಿನ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ. ಅದನ್ನೂ ಪ್ರಯೋಗ ಮಾಡಿ ನೋಡಿದ್ದೇನೆ. ಮಗ ಸುರಂಗ ಎಣಿಸುತ್ತಾ ಕೂತ, ಇಪ್ಪತ್ತು ದಾಟಿದ ಮೇಲೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದ. ವಾಂತಿ ಇಲ್ಲ. ಸೇತುವೆ ಮೇಲೆ ನಿಂತ ಹಾಗೆ ಕಾಣುವ ಕಣಿವೆ, ಮಂಜು, ಝರಿ, ಎಲ್ಲ ಚೆಂದ. ಆದರೆ ಟಿಕೆಟ್ ದುಬಾರಿ, ಮಂಗಳೂರು ತಲುಪುವುದು ಮಧ್ಯಾಹ್ನದ ಮೇಲೆ. ಒಂದೇ ದಿನದ ಲೆಕ್ಕಕ್ಕೆ ಅದು ಬರಲ್ಲ.

ಸೆಂಟ್ರಲ್‌ನಲ್ಲಿ ಇಳಿದು ವೇಟಿಂಗ್ ಹಾಲಿನಲ್ಲಿ ಮುಖ ತೊಳೆಸಿ, ನೇರ ದಕ್ಕೆಗೆ, ಅಂದರೆ ಮೀನುಗಾರಿಕೆ ಬಂದರಿಗೆ. ಆಟೋಗೆ ಐವತ್ತು ಅರವತ್ತು ರೂಪಾಯಿ. ಮಂಗಳೂರು ನೋಡಲು ಹೋದವರು ಯಾರೂ ಮಕ್ಕಳನ್ನು ದಕ್ಕೆಗೆ ಕರೆದುಕೊಂಡು ಹೋಗಲ್ಲ. ವಾಸನೆ ಅಂತಾರೆ. ನನ್ನ ಇಡೀ ದಿನದಲ್ಲಿ ಖರ್ಚೇ ಇಲ್ಲದ, ಆದರೆ ಮಗ ಅತಿ ಹೆಚ್ಚು ನೆನಪಿಟ್ಟುಕೊಂಡ ಜಾಗ ಅದು. ಸಾಲಾಗಿ ನಿಂತ ಬೋಟುಗಳು, ಒಂದಕ್ಕೊಂದು ತಾಗಿಕೊಂಡು. ಒಳಗಿನಿಂದ ಬುಟ್ಟಿ ಬುಟ್ಟಿ ಮೀನು ಕೈಯಿಂದ ಕೈಗೆ ಮೇಲೆ ಬರುತ್ತದೆ. ಐಸ್ ಒಡೆಯುವ ಮಿಷನ್ನಿನಿಂದ ಪುಡಿ ಐಸ್ ಕೊಳವೆಯಲ್ಲಿ ಧಡಧಡ ಸುರಿಯುತ್ತದೆ. ಹರಾಜು ಕೂಗುವವರ ಬೆರಳು ನೋಡುತ್ತಾ ನಿಂತರೆ ಮಾತು ತಿಳಿಯದಿದ್ದರೂ ರೇಟು ಏರುವುದು ಗೊತ್ತಾಗುತ್ತದೆ. ಹಾಸನದಲ್ಲಿ ಕಾಟ್ಲಾ, ರೋಹು ನೋಡಿದ ಹುಡುಗ. ಇಲ್ಲಿ ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ. ಒಬ್ಬರು ಮೀನು ಮಾರುವ ಅಮ್ಮ ಒಂದು ಬಂಗುಡೆಯನ್ನು ಅವನ ಅಂಗೈ ಮೇಲೆ ಇಟ್ಟರು. ಬೆನ್ನಿನ ಹಸಿರು ನೀಲಿ ಗೆರೆಗಳನ್ನು ಅವನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಕಣ್ಣು ಇನ್ನೂ ಹೊಳೆಯುತ್ತಿತ್ತು. "ಇದು ನಿನ್ನೆ ಸಮುದ್ರದಲ್ಲಿ ಈಜ್ತಾ ಇತ್ತಾ?" ಅಂತ ಕೇಳಿದ.

ದಕ್ಕೆಗೆ ಎರಡು ಷರತ್ತು. ಕಾಲಿಗೆ ಹಿಡಿತ ಇರುವ ಚಪ್ಪಲಿ ಬೇಕು, ನೆಲ ಪೂರ್ತಿ ಜಾರುತ್ತದೆ. ಮತ್ತೆ ಜೂನ್, ಜುಲೈ ಬೇಡ. ಆ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಸುಮ್ನೆ ನಿಂತಿರುತ್ತವೆ.

ತಿಂಡಿ ಬನ್ಸ್, ಗೋಳಿಬಜೆ. ಇಬ್ಬರಿಗೂ ನೂರಿಪ್ಪತ್ತು ನೂರೈವತ್ತು. ಬನ್ಸ್ ಸಿಹಿ ಇರುವುದರಿಂದ ಮಕ್ಕಳು ತಕರಾರಿಲ್ಲದೆ ತಿನ್ನುತ್ತಾರೆ.

ಆಮೇಲೆ ದೇವಸ್ಥಾನ. ಮಂಗಳೂರಿನಲ್ಲಿ ದೇವಸ್ಥಾನಕ್ಕೆ ಕೊರತೆ ಇಲ್ಲ. ಮಂಗಳಾದೇವಿ ಇದೆ, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕುದ್ರೋಳಿ ಇದೆ. ಆದರೆ ಬೇಲೂರು ಹಳೇಬೀಡು ಪಕ್ಕದಲ್ಲೇ ಇಟ್ಟುಕೊಂಡು ಬೆಳೆದ ನಮ್ಮ ಮಕ್ಕಳಿಗೆ ಒಂದು ಸಾಕು. ನಾನು ಆರಿಸಿಕೊಂಡದ್ದು ಕದ್ರಿ. ಕಾರಣ ಅಲ್ಲಿನ ಲೋಕೇಶ್ವರನ ವಿಗ್ರಹ. ನಮ್ಮ ಕಡೆ ಎಲ್ಲ ಕಲ್ಲು, ಇದು ಕಂಚು. ಮೂರು ಮುಖ, ಆರು ಕೈ. ಆಳುಪ ರಾಜ ಕುಂದವರ್ಮನ ಕಾಲದ್ದು, ಪೀಠದ ಶಾಸನದಲ್ಲಿರುವ ಕಾಲ ಕ್ರಿ.ಶ. 968. ನಮ್ಮ ಶ್ರವಣಬೆಳಗೊಳದ ಗೊಮ್ಮಟನಿಗಿಂತ ಸ್ವಲ್ಪ ಹಿರಿಯ. ಇದನ್ನು ಹೇಳಿದ ಮೇಲೆ ಮಗ ಹಲ್ಲು ಉಜ್ಜದ ಹುಡುಗನಂತೆ ಬಾಯಿ ಮುಚ್ಚಿಕೊಂಡು ಪೂರ್ತಿ ನೋಡಿದ. ಮೇಲಿನ ಕೆರೆಗಳ ಹತ್ತಿರ ಸ್ವಲ್ಪ ಹೊತ್ತು ಆಟ, ಅಷ್ಟೇ.

ಒಂದು ಮಾತು. ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ. ಶಕ್ತಿ ಯೋಜನೆ ಅಂತ ಆಧಾರ್ ಹಿಡಿದು ಹತ್ತಿದರೆ ಕಂಡಕ್ಟರ್ ದುಡ್ಡು ಕೇಳುತ್ತಾನೆ. ಚಿಲ್ಲರೆ ಜಾಸ್ತಿ ಇಟ್ಟುಕೊಳ್ಳಿ. ಇಡೀ ದಿನಕ್ಕೆ ಬಸ್ಸಿಗೆ ನೂರು ರೂಪಾಯಿ ಮೀರಲ್ಲ. ಬಸ್ ಓಡಿಸುವ ರಭಸ, ಸೀಟಿ, "ರೈಟ್ ಪೋಯಿ" ಅನ್ನುವ ಕೂಗು, ಇದೂ ಮಗನಿಗೆ ನೋಡುವ ವಸ್ತುವೇ ಆಯಿತು.

ಹನ್ನೊಂದು ಗಂಟೆ ಆದ ಮೇಲೆ ಹೊರಗೆ ಇರಬಾರದು. ಇದು ನನ್ನ ಎರಡನೇ ನಿಯಮ. ನಮ್ಮದು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿನ ಊರು, ನಮ್ಮ ಮಕ್ಕಳಿಗೆ ಆ ಸೆಕೆ ಗೊತ್ತಿಲ್ಲ. ಬೆಳಿಗ್ಗೆಯೇ ಬೀಚಿಗೆ ಹೋದ ಸಲ ಹತ್ತೂವರೆಗೆ ಹುಡುಗ ಸೋತುಹೋದ. ಒದ್ದೆ ಚಡ್ಡಿ, ತೊಡೆ ಸಂದಿಯಲ್ಲಿ ಉಪ್ಪು ಮರಳು ಉಜ್ಜಿ ಕೆಂಪು, ಉಳಿದ ದಿನವೆಲ್ಲ ಅಳು. ಪಿಲಿಕುಳ ಸೇರಿಸಿಕೊಂಡ ಸಲವೂ ಅಷ್ಟೇ. ಜಾಗ ಬಹಳ ಒಳ್ಳೆಯದು, ಮೃಗಾಲಯ, ತಾರಾಲಯ ಎಲ್ಲ ಇದೆ. ಆದರೆ ಊರಿಂದ ಆಚೆ, ನಡೆಯುವುದು ಜಾಸ್ತಿ, ಅರ್ಧ ದಿನ ಅಲ್ಲೇ ಹೋಯಿತು. ಅದಕ್ಕೇ ಒಂದು ದಿನ ಬೇಕು, ಸೋಮವಾರ ಬಿಟ್ಟು. ಸೋಮವಾರ ಅಲ್ಲಿ ರಜೆ.

ಹಾಗಾಗಿ ಹನ್ನೊಂದಕ್ಕೆ ಅಲೋಶಿಯಸ್ ಚಾಪೆಲ್. ಬಾವುಟಗುಡ್ಡೆ ಏರಿದರೆ ಸಿಗುತ್ತದೆ. ಇಟಲಿಯಿಂದ ಬಂದ ಅಂಟೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1899ರ ಹೊತ್ತಿಗೆ ಶುರು ಮಾಡಿ, ಗೋಡೆ, ಚಾವಣಿ ಯಾವುದನ್ನೂ ಬಿಡದೆ ಚಿತ್ರ ಬರೆದಿದ್ದಾರೆ. ಒಳಗೆ ತಂಪು. ಮಗುವಿಗೆ ಚಿತ್ರದ ಕಥೆ ಹೇಳಲು ಹೋಗಬೇಡಿ, ಐದು ನಿಮಿಷಕ್ಕೆ ಬೇಸರ. ನಾನು ಒಂದು ಕೆಲಸ ಕೊಟ್ಟೆ: ಯಾವುದು ಕೆತ್ತಿದ್ದು, ಯಾವುದು ಬರೆದದ್ದು, ಹೇಳು. ಅಲ್ಲಿ ಬಣ್ಣದಲ್ಲಿ ಬರೆದ ಅಲಂಕಾರಗಳು ಉಬ್ಬುಗೆತ್ತನೆ ಹಾಗೇ ಕಾಣುತ್ತವೆ. ಬೇಲೂರು ನೋಡಿದ ಕಣ್ಣಿಗೆ ಅದು ಪಂಥ. ಮುಟ್ಟದೆ, ಸದ್ದು ಮಾಡದೆ, ಪಕ್ಕಕ್ಕೆ ಬಾಗಿ ಬಾಗಿ ನೋಡುತ್ತಾ ಮುಕ್ಕಾಲು ಗಂಟೆ ಕಳೆದ. ಪ್ರಾರ್ಥನೆಗೆ ಬಂದವರು ಇರುತ್ತಾರೆ, ಪಿಸುಮಾತಿನಲ್ಲೇ ಆಗಬೇಕು. ಭಾನುವಾರ ಬೆಳಿಗ್ಗೆ ಪೂಜೆಯ ಹೊತ್ತು ಬಿಟ್ಟು ಹೋಗಿ.

ಊಟ ಹಂಪನಕಟ್ಟೆ ಸುತ್ತ ಎಲ್ಲಿ ಬೇಕಾದರೂ. ಮಗನಿಗೆ ನೀರ್‌ದೋಸೆ, ನನಗೆ ಮೀನೂಟ. ಆಮೇಲೆ ಗಡ್‌ಬಡ್. ಇದು ಐಸ್‌ಕ್ರೀಂ ತಿನ್ನುವುದಕ್ಕೆ ಮಾತ್ರ ಅಲ್ಲ, ಎರಡೂವರೆ ತನಕ ತಂಪಾದ ಜಾಗದಲ್ಲಿ ಕೂರುವುದಕ್ಕೆ. ಊಟ, ಐಸ್‌ಕ್ರೀಂ ಸೇರಿ ಐನೂರರ ಹತ್ತಿರ ಆಯಿತು. ಯಾವ ಅಂಗಡಿಯಲ್ಲಿ ಮಗು ಅರ್ಧ ಗಂಟೆ ಒರಗಿ ನಿದ್ದೆ ಮಾಡಿದರೂ ಎಬ್ಬಿಸಲ್ಲ ಅನ್ನುವುದನ್ನೂ ನಾನು ಬರೆಯಲ್ಲ.

ಮೂರು ಗಂಟೆಗೆ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಗೋಪುರ. ಸಣ್ಣದು, ಮೆಟ್ಟಿಲು ಹತ್ತಿ ಗೋಡೆಯ ಕಿಂಡಿಯಲ್ಲಿ ಇಣುಕಿ ಇಳಿಯಲು ಹತ್ತು ನಿಮಿಷ ಸಾಕು. ಅಲ್ಲಿಂದ ಫೆರ್ರಿ. ಗುರುಪುರ ಹೊಳೆ ದಾಟಿದರೆ ತಣ್ಣೀರುಬಾವಿ ಬೀಚ್. ಟಿಕೆಟ್ ಹತ್ತಿಪ್ಪತ್ತು ರೂಪಾಯಿ, ಪ್ರಯಾಣ ಕೆಲವೇ ನಿಮಿಷ. ಮಗುವಿಗೆ ದೋಣಿಯೂ ಆಯಿತು, ಹೊಳೆಯೂ ಆಯಿತು, ಸಮುದ್ರವೂ ಆಯಿತು. ಪಣಂಬೂರಿನಲ್ಲಿ ಜನ ಜಾಸ್ತಿ, ಒಂಟೆ, ತಿಂಡಿ ಗಾಡಿ, ಬಲೂನು, ಅಲ್ಲೇ ಮುನ್ನೂರು ರೂಪಾಯಿ ಹಾರುತ್ತದೆ. ತಣ್ಣೀರುಬಾವಿಯಲ್ಲಿ ಗಾಳಿಮರದ ನೆರಳಿದೆ, ಸದ್ದು ಕಡಿಮೆ. ಇಳಿದ ತಕ್ಷಣ ವಾಪಸ್ ಕೊನೇ ದೋಣಿ ಎಷ್ಟಕ್ಕೆ ಅಂತ ಕೇಳಿಕೊಳ್ಳಿ.

ನೀರಿಗೆ ಬಿಡುವ ಮುಂಚೆ ತೊಡೆ, ಕಂಕುಳಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚುತ್ತೇನೆ. ಉಪ್ಪು ಉರಿ ಆಗಲ್ಲ. ಎದ್ದ ಮೇಲೆ ಬಾಟಲಿಯ ಸಿಹಿನೀರು ಸುರಿದು, ಒರೆಸಿ, ಕಾಲಿಗೆ ಪೌಡರ್ ಉಜ್ಜಿದರೆ ಮರಳು ಪೂರ್ತಿ ಉದುರುತ್ತದೆ. ಅಲೆ ಮೊಣಕಾಲು ದಾಟುವ ಕಡೆ ಬಿಡಲ್ಲ, ಕೈ ಬಿಡುವುದಂತೂ ಇಲ್ಲವೇ ಇಲ್ಲ. ನಮ್ಮ ಹೇಮಾವತಿ ಹಿನ್ನೀರಿನ ಧೈರ್ಯ ಅಲ್ಲಿ ನಡೆಯಲ್ಲ. ಸಮುದ್ರ ಕೊನೆಗೆ ಬಂದದ್ದರಿಂದ ಒದ್ದೆಯಾದರೂ ಚಿಂತೆ ಇಲ್ಲ, ಆಮೇಲೆ ನೋಡುವುದು ಏನೂ ಉಳಿದಿರಲ್ಲ. ಎರಡು ಗಂಟೆ ಆಡಿದ ಮಗು ತಾನಾಗಿಯೇ ಸುಸ್ತಾಗುತ್ತದೆ. ಆ ಸುಸ್ತೇ ನನಗೆ ಬೇಕಾದದ್ದು.

ಬಿಜೈ ಕೆಎಸ್‌ಆರ್‌ಟಿಸಿ ಬಸ್ ಸ್ಟ್ಯಾಂಡ್ ಹತ್ತಿರ ಏಳು ಗಂಟೆಗೆ ಇಡ್ಲಿ. ಎಣ್ಣೆಯದ್ದು ಬೇಡ. ರಾಜಹಂಸ, ಐರಾವತಕ್ಕೆ ಶಕ್ತಿ ಇಲ್ಲ, ಕೆಂಪು ಬಸ್ಸೇ ಹತ್ತಬೇಕು. ನನಗೆ ಶೂನ್ಯ ಟಿಕೆಟ್, ಮಗನಿಗೆ ಅರ್ಧ ಟಿಕೆಟ್, ನೂರರ ಮೇಲೆ ಸ್ವಲ್ಪ. ಬಿ.ಸಿ. ರೋಡ್ ಬರುವ ಮೊದಲೇ ತೊಡೆ ಮೇಲೆ ತಲೆ ಇಟ್ಟು ಮಲಗಿದ. ಗುಂಡ್ಯ ಯಾವಾಗ ಬಂತೋ, ಸಕಲೇಶಪುರ ಯಾವಾಗ ಹೋಯಿತೋ ಅವನಿಗೆ ಗೊತ್ತಿಲ್ಲ. ತಂದಿದ್ದ ಕವರ್‌ಗಳು ಹಾಗೇ ಮಡಚಿದಂತೆ ವಾಪಸ್ ಬಂದವು. ಒಟ್ಟು ಖರ್ಚು ಸಾವಿರದ ಐನೂರರ ಆಸುಪಾಸು. ಅತ್ತೆಗೆ ಲೆಕ್ಕ ಬರೆದ ಚೀಟಿಯನ್ನೇ ತೋರಿಸಿದೆ.

ಈಗ ಚಿಕ್ಕಮಗಳೂರಿನ ನನ್ನ ತಂಗಿಯೂ ಚಾರ್ಮಾಡಿ ಬಿಟ್ಟು ಹಾಸನಕ್ಕೆ ಬಂದೇ ಈ ಗಾಡಿ ಹತ್ತುತ್ತಾಳೆ. ಕೊಟ್ಟಿಗೆಹಾರದ ನೀರ್‌ದೋಸೆ ತಪ್ಪುತ್ತದೆ ಅನ್ನುವುದೊಂದೇ ಅವಳ ತಕರಾರು. ಮಳೆಗಾಲದಲ್ಲಿ ಮಾತ್ರ ಇದನ್ನು ನಂಬಿ ಹೊರಡಬೇಡಿ. 2024ರ ಜುಲೈನಲ್ಲಿ ದೋಣಿಗಾಲ್ ಹತ್ತಿರ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು, ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿ ಪಕ್ಕದ ಮಣ್ಣು ಜಾರಿ ರೈಲೂ ನಿಂತಿತ್ತು. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಶುಕ್ರವಾರ ರಾತ್ರಿಯ ಬರ್ತ್ ಬೇಗ ಮುಗಿಯುತ್ತದೆ, ಬುಕಿಂಗ್ ತೆರೆದ ವಾರದಲ್ಲೇ ತೆಗೆದುಬಿಡಿ.