ಮಧ್ಯಾಹ್ನದ ನಿದ್ದೆ, ರಾತ್ರಿಯ ಮಂಡಕ್ಕಿ, ಆರದ ಕಂಪ್ಯೂಟರ್

ನಲವತ್ತಾರನೇ ವಯಸ್ಸಿಗೆ ನನ್ನ ಎಚ್‌ಬಿಎ1ಸಿ 7.4 ಬಂತು. 6.5 ಮುಟ್ಟಿದರೆ ಶುಗರ್ ಎಂದೇ ಲೆಕ್ಕ. ಅದು ರಕ್ತದ ಸಕ್ಕರೆಯ ಎರಡು-ಮೂರು ತಿಂಗಳ ಸರಾಸರಿ. ಹಿಂದಿನ ದಿನ ಮದುವೆ ಮನೆಯಲ್ಲಿ ಹೋಳಿಗೆ ಉಂಡೆ, ಅದಕ್ಕೇ ಹೀಗೆ ಎಂದು ಸಮಾಧಾನ ಮಾಡಿಕೊಳ್ಳಲು ದಾರಿಯಿಲ್ಲ. ಡಾಕ್ಟ್ರು ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟು, "ಅನ್ನ ಕಡಿಮೆ ಮಾಡ್ರಿ, ದಿನಾ ನಡೀರಿ" ಅಂದರು. ನಮ್ಮದು ಮೊಟ್ಟೆಯೂ ಒಳಗೆ ಬರದ ಮನೆ. ಅನ್ನ, ರೊಟ್ಟಿ, ಮಂಡಕ್ಕಿ ತೆಗೆದರೆ ತಟ್ಟೆಯಲ್ಲಿ ಏನುಳಿಯಿತು? ದಾವಣಗೆರೆಯಲ್ಲಿ ಕೂತು ಈ ಪ್ರಶ್ನೆ ಕೇಳಿಕೊಳ್ಳುವುದು ಸಣ್ಣ ಮಾತಲ್ಲ.

ನಾನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಕಟ್ಟುವವನು. ಮಧ್ಯಾಹ್ನ ಎರಡಕ್ಕೆ ಅನ್ನ-ಸಾರು ಉಂಡು, ಹತ್ತು ನಿಮಿಷ ಅಡ್ಡಾಗಿ ಬರುತ್ತೇನೆ ಎಂದು ಹೋದರೆ ಏಳುತ್ತಿದ್ದುದು ನಾಲ್ಕೂವರೆಗೆ. ಅಷ್ಟು ಹೊತ್ತೂ ಕಂಪ್ಯೂಟರ್ ಆನ್ ಇರುತ್ತಿತ್ತು. ರಾತ್ರಿ ಹನ್ನೊಂದರವರೆಗೆ ಮತ್ತೆ ಕೆಲಸ, ಕೀಬೋರ್ಡಿನ ಪಕ್ಕದಲ್ಲಿ ಒಗ್ಗರಣೆ ಮಂಡಕ್ಕಿಯ ಬಟ್ಟಲು. ಬೆಳಿಗ್ಗೆ ಬಿಟ್ಟಲ್ಲಿಂದಲೇ ಶುರು ಮಾಡಬಹುದೆಂದು ಆರಿಸದೆ ಮಲಗುತ್ತಿದ್ದೆ. ಊಟ ಸರಿಮಾಡಲು ಹೊರಟವನು ಈ ಯಂತ್ರದ ಅಭ್ಯಾಸವನ್ನೂ ಸರಿಮಾಡದೆ ಆಗದು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಮೊದಲು ಮಾಡಿದ ಕೆಲಸ ಗ್ಲುಕೋಮೀಟರ್ ತಂದದ್ದು. ಊಟದ ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡುವುದು, ಕ್ಯಾಲೆಂಡರಿನಲ್ಲಿ ಬರೆಯುವುದು. ಅನ್ನ-ಸಾರಿಗೆ 241 ಬಂತು. ಅನ್ನ ಬಿಟ್ಟು ರಾಗಿ ಮುದ್ದೆ ತಿಂದ ದಿನ 228. ಅವತ್ತು ನಿಜಕ್ಕೂ ಬೇಜಾರಾಯಿತು. ರಾಗಿಗೆ ಶುಗರ್ ಏರುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದವನು ನಾನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕ ತೆಗೆದು ನೋಡಿದರೆ ವಿಷಯ ಸ್ಪಷ್ಟವಾಗಿಯೇ ಇದೆ: ನೂರು ಗ್ರಾಂ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ (ಹೆಚ್ಚಿನ ಪಾಲು ಪಿಷ್ಟವೇ) ಸುಮಾರು 78 ಗ್ರಾಂ ಇದ್ದರೆ, ರಾಗಿಯಲ್ಲಿ, ಜೋಳದಲ್ಲಿ 67ರ ಆಸುಪಾಸು. ನಾರು ಮಾತ್ರ ಅಕ್ಕಿಗಿಂತ ಮೂರ್ನಾಲ್ಕು ಪಟ್ಟು ಹೆಚ್ಚು. ರಾಗಿ ಒಳ್ಳೆಯದೇ, ಆದರೆ ಎರಡು ದೊಡ್ಡ ಮುದ್ದೆ ಉಂಡರೆ ಎರಡು ಮುದ್ದೆಯಷ್ಟು ಪಿಷ್ಟ ಒಳಗೆ ಹೋಗಿಯೇ ಹೋಗುತ್ತದೆ. ಸಿರಿಧಾನ್ಯಗಳ ವಿಷಯದಲ್ಲೂ ನನ್ನ ಮೀಟರ್ ಹೇಳಿದ್ದು ಇದನ್ನೇ. ನವಣೆ ಅನ್ನವನ್ನು ತಟ್ಟೆ ತುಂಬ ಬಡಿಸಿಕೊಂಡು ನಿಶ್ಚಿಂತೆಯಿಂದ ಉಣ್ಣುವವರನ್ನು ಕಂಡರೆ ಈಗ ನನಗೆ ತಡೆಯಲಾಗುವುದಿಲ್ಲ, ಒಂದು ಮಾತು ಹೇಳಿಯೇ ಬಿಡುತ್ತೇನೆ.

ಉತ್ತರ ಸಿಕ್ಕಿದ್ದು ನಮ್ಮ ಅಡುಗೆಮನೆಯ ಡಬ್ಬಿಗಳಲ್ಲೇ. ಅಗಸೆ ಚಟ್ನಿಪುಡಿ, ಗುರೆಳ್ಳು ಪುಡಿ, ಶೇಂಗಾ ಪುಡಿ ಇವನ್ನು ನಾವು ರೊಟ್ಟಿಯ ಬದಿಗೆ ಹಾಕಿಕೊಳ್ಳುತ್ತಿದ್ದೆವು. ಅಗಸೆ, ಗುರೆಳ್ಳಿನಲ್ಲಿ ಪಿಷ್ಟ ತೀರಾ ಕಡಿಮೆ, ಕೊಬ್ಬು-ನಾರು-ಪ್ರೋಟೀನೇ ಹೆಚ್ಚು. ಪುಂಡಿಪಲ್ಯ, ಮೆಂತ್ಯ ಸೊಪ್ಪು, ಎಣ್ಣೆಗಾಯಿ ಬದನೆ, ಹೀರೆಕಾಯಿ, ಹಾಗಲ, ಎಲೆಕೋಸು ಯಾವುದಕ್ಕೂ ಅಂಜಬೇಕಿಲ್ಲ. ಮೊಸರಿದೆ, ಪನೀರಿದೆ. ಕಾಳುಗಳಲ್ಲಿ ಪಿಷ್ಟ ಇದೆ, ಅದಕ್ಕೆ ಅಳತೆ ಬೇಕು. ಆದರೆ ಮಾಂಸ, ಮೊಟ್ಟೆ ತಿನ್ನದವರು ಕಾಳನ್ನೂ ಬಿಟ್ಟರೆ ಪ್ರೋಟೀನಿಗೆ ಎಲ್ಲಿಗೆ ಹೋಗುವುದು? ಹಾಗಾಗಿ ಕಾಳು ಇಟ್ಟುಕೊಂಡೆ, ಅನ್ನ ಬಿಟ್ಟೆ, ರೊಟ್ಟಿ ಒಂದಕ್ಕೆ ಇಳಿಸಿದೆ. ಮೊದಲೆಲ್ಲ ರೊಟ್ಟಿಗೆ ಪಲ್ಯ ನೆಂಚಿಕೊಳ್ಳುತ್ತಿದ್ದೆ, ಈಗ ಪಲ್ಯಕ್ಕೆ ರೊಟ್ಟಿ ನೆಂಚಿಕೊಳ್ಳುತ್ತೇನೆ. ಮೊದಲು ಹಸಿ ಸೌತೆಕಾಯಿ, ಮೆಂತ್ಯ ಪಚಡಿ, ಆಮೇಲೆ ಹೆಸರುಕಾಳು ಪಲ್ಯ, ಎಣ್ಣೆಗಾಯಿ, ಕೊನೆಗೆ ರೊಟ್ಟಿ-ಮೊಸರು. ಈ ಕ್ರಮದಲ್ಲಿ ಉಂಡ ದಿನ ಎರಡು ಗಂಟೆಯ ನಂತರ 158. ಅದೇ ರೊಟ್ಟಿಯನ್ನು ಮೊದಲೇ ತಿಂದು ಪಲ್ಯವನ್ನು ಆಮೇಲೆ ತಿಂದರೆ 176. ಮೂರು ಸಲ ಅದಲುಬದಲು ಮಾಡಿ ನೋಡಿದೆ, ಮೂರು ಸಲವೂ ಹೆಚ್ಚುಕಡಿಮೆ ಇಷ್ಟೇ ಅಂತರ.

ಅವ್ವನಿಗೆ ಇದು ಒಪ್ಪಿಗೆಯಾಗಲಿಲ್ಲ. "ಅನ್ನ ಉಣ್ಣದಿದ್ರೆ ಅದೆಂಥ ಊಟನೋ ತಮ್ಮಾ" ಎಂದು ದಿನಾ ಕೇಳುತ್ತಿದ್ದಳು. ಕೊನೆಗೆ ನನಗೆಂದು ಹೆಸರುಕಾಳು ದೋಸೆ ಮಾಡಿಕೊಟ್ಟವಳೂ ಅವಳೇ. ರಾತ್ರಿ ನೆನೆಸಿದ ಹಿಡಿ ಕಾಳು, ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ. ಅಕ್ಕಿ ಒಂದು ಕಾಳೂ ಇಲ್ಲ. ಅಕ್ಕಿ ಇಲ್ಲದೆ ರುಬ್ಬಿದ ಹಿಟ್ಟಿನ ದೋಸೆ ಹೆಂಚಿಗೆ ಹಿಡಿದು ಕಿತ್ತುಬರುತ್ತದೆ. ಅದಕ್ಕೆ ಅವಳು ಹೆಂಚು ಚೆನ್ನಾಗಿ ಕಾಯಿಸಿ, ನೀರು ಚಿಮುಕಿಸಿ, ಉರಿ ತಗ್ಗಿಸಿ, ಹಿಟ್ಟನ್ನು ತುಸು ದಪ್ಪಗೆ ಹರಡುತ್ತಾಳೆ. ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ತುರಿದ ಪನೀರು ಉದುರಿಸಿ ಮುಚ್ಚಿಡುತ್ತಾಳೆ. ಅಂಚು ತಾನಾಗಿ ಎದ್ದಮೇಲೆಯೇ ಮಗುಚಬೇಕು. ಎರಡು ದೋಸೆ, ಜೊತೆಗೆ ಶೇಂಗಾ ಚಟ್ನಿ ತಿಂದರೆ ಮಧ್ಯಾಹ್ನದವರೆಗೆ ಹಸಿವಿನ ನೆನಪೇ ಆಗುವುದಿಲ್ಲ.

ತಪ್ಪುಗಳೂ ಆದವು. ಮೊದಲ ವಾರ ಎಲ್ಲವನ್ನೂ ಒಟ್ಟಿಗೆ ಬಿಟ್ಟು ತಲೆನೋವು, ಕಾಲಿನ ಮೀನಖಂಡ ಹಿಡಿತ, ಮಲಬದ್ಧತೆ ಅನುಭವಿಸಿದೆ. ನೀರು, ಉಪ್ಪು ಹಾಕಿದ ಮಜ್ಜಿಗೆ, ಸೊಪ್ಪು ಹೆಚ್ಚಿಸಿದ ಮೇಲೆ ಕಡಿಮೆಯಾಯಿತು. ಆಮೇಲೆ ಪಿಷ್ಟವಿಲ್ಲವಲ್ಲ ಎಂದು ಪನೀರು, ಶೇಂಗಾ ಲೆಕ್ಕವಿಲ್ಲದೆ ತಿಂದು ತಿಂಗಳಿಡೀ ತೂಕ ಅಲುಗಲಿಲ್ಲ. ವಿಟಮಿನ್ ಬಿ12 ಪರೀಕ್ಷೆ ಮಾಡಿಸಿದಾಗ ಅದೂ ಕಡಿಮೆ ಬಂತು. ಸಸ್ಯಾಹಾರಿಗಳಿಗೆ ಮೊದಲೇ ಇದು ಕಡಿಮೆ, ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡರೆ ಇನ್ನೂ ಇಳಿಯಬಹುದು ಎಂದು ಡಾಕ್ಟ್ರು ವಿವರಿಸಿ ಮಾತ್ರೆ ಕೊಟ್ಟರು. ಒಂದು ಮಾತು ಒತ್ತಿ ಹೇಳುತ್ತೇನೆ: ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಹೀಗೆ ಅನ್ನ ಬಿಡಬಾರದು. ಡೋಸ್ ಹಳೆಯದೇ ಇದ್ದು ಊಟದ ಪಿಷ್ಟ ಮಾತ್ರ ಇಳಿದರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಮಧ್ಯಾಹ್ನದ ನಿದ್ದೆ ಮೂರನೇ ವಾರಕ್ಕೆ ತಾನಾಗಿ ಹೋಯಿತು. ರಾತ್ರಿಯ ಮಂಡಕ್ಕಿ ಹೋಗಲಿಲ್ಲ. ಊಟ ಮುಗಿದಿರುತ್ತದೆ, ಹಸಿವಿಲ್ಲ, ಆದರೂ ಹತ್ತು ಗಂಟೆಗೆ ಸ್ಕ್ರೀನಿನ ಮುಂದೆ ಕೂತರೆ ಕೈ ಬಟ್ಟಲು ಹುಡುಕುತ್ತದೆ. ಮಂಡಕ್ಕಿ ಎಂದರೆ ಉಬ್ಬಿಸಿದ ಅಕ್ಕಿ, ಹಗುರವೆಂದು ಎಷ್ಟು ತಿಂದೆವೆಂಬುದೇ ತಿಳಿಯುವುದಿಲ್ಲ. ಬೆಳಗಿನ ಖಾಲಿ ಹೊಟ್ಟೆಯ ಶುಗರ್ 140ರಿಂದ ಕೆಳಗಿಳಿಯಲೇ ಇಲ್ಲ.

ಅದೇ ಹೊತ್ತಿಗೆ, ಏಪ್ರಿಲ್‌ನಲ್ಲಿ, ಕರೆಂಟ್ ಬಿಲ್ ಬಂತು. ನಮ್ಮ ಮನೆ ಗೃಹಜ್ಯೋತಿಯಲ್ಲಿದೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆ ತಿಂಗಳು 205 ಆಗಿತ್ತು. ಐದು ಯೂನಿಟ್‌ಗಾಗಿ ಸಾವಿರದ ಆರುನೂರು ಚಿಲ್ಲರೆ ಕಟ್ಟಿದೆವು. ಮನೆಯವಳು ಬಿಲ್ಲನ್ನು ನನ್ನ ಮೇಜಿನ ಮೇಲಿಟ್ಟು, "ಫ್ಯಾನಂತೂ ನಿಲ್ಸಕ್ಕಾಗಲ್ಲ, ಇದನ್ನ ನಿಲ್ಸಬೌದಲ್ರೀ" ಎಂದು ಕಂಪ್ಯೂಟರ್ ತೋರಿಸಿದಳು. ಪದೇ ಪದೇ ಆನ್-ಆಫ್ ಮಾಡಿದರೆ ಯಂತ್ರ ಹಾಳಾಗುತ್ತದೆ, ಸ್ಟಾರ್ಟ್ ಆಗುವಾಗಲೇ ಹೆಚ್ಚು ಕರೆಂಟ್ ಎಳೆಯುತ್ತದೆ ಎಂದು ಕೆಲಸ ಕಲಿತ ಕಾಲದಿಂದ ನಂಬಿದ್ದವನು ನಾನು. ರಕ್ತವನ್ನು ಅಳೆದು ನೋಡಿದವನಿಗೆ ಇದನ್ನು ಅಳೆಯುವುದೇನು ದೊಡ್ಡದು ಎಂದು ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ವ್ಯಾಟ್ ಮೀಟರ್ ತರಿಸಿದೆ.

ಯಾರೂ ಮುಟ್ಟದೆ ಸುಮ್ಮನೆ ಆನ್ ಇದ್ದಾಗ ಸಿಪಿಯು 58 ವ್ಯಾಟ್, ಮಾನಿಟರ್ 19, ಒಟ್ಟು 77. ಸ್ಲೀಪ್‌ನಲ್ಲಿ ಎರಡೂವರೆ. ಶಟ್‌ಡೌನ್ ಮಾಡಿ ಗೋಡೆಯ ಸ್ವಿಚ್ ಆರಿಸದಿದ್ದರೆ ಒಂದು ವ್ಯಾಟ್ ಹತ್ತಿರ. ಮಧ್ಯಾಹ್ನ, ರಾತ್ರಿ ಸೇರಿ ದಿನಕ್ಕೆ ಹದಿಮೂರು ಗಂಟೆ ಸುಮ್ಮನೆ ಉರಿಯುತ್ತಿತ್ತಲ್ಲ, ಅದೇ ದಿನಕ್ಕೊಂದು ಯೂನಿಟ್, ತಿಂಗಳಿಗೆ ಮೂವತ್ತು. ಸ್ಟಾರ್ಟ್ ಆಗುವಾಗಿನ ಎಳೆತ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕದ ಇಂಧನ ಇಲಾಖೆಯ ಸಲಹೆ ಹೀಗಿದೆ: ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಳಸುವುದಿಲ್ಲವಾದರೆ ಮಾನಿಟರ್ ಆರಿಸಿ, ಎರಡು ಗಂಟೆಗಿಂತ ಹೆಚ್ಚಾದರೆ ಎರಡನ್ನೂ ಆರಿಸಿ. ನನ್ನ ಕೆಲಸಕ್ಕೆ ಅದು ಸರಿಹೊಂದಿತು. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಇಪ್ಪತ್ತು ಸೆಕೆಂಡಿನಲ್ಲಿ ಆನ್ ಆಗುತ್ತದೆ, ಆರಿಸದೆ ಬಿಡಲು ಇದ್ದ ನೆಪವೂ ಹೋಯಿತು.

ಸ್ಲೀಪ್‌ಗೆ ಹಾಕುವ ಮುಂಚೆ ಫೈಲ್ ಸೇವ್ ಮಾಡಲೇಬೇಕು. ಸ್ಲೀಪ್‌ನಲ್ಲಿ ಕೆಲಸವೆಲ್ಲ ಕರೆಂಟ್ ಇರುವಷ್ಟು ಹೊತ್ತೇ ನೆನಪಿಟ್ಟುಕೊಳ್ಳುವ ರ‍್ಯಾಮ್‌ನಲ್ಲಿರುತ್ತದೆ, ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಅಷ್ಟೂ ಹೋದಂತೆ. ಒಮ್ಮೆ ಹೀಗೇ ನಲವತ್ತು ಪುಟಗಳ ತಿದ್ದುಪಡಿ ಕಳೆದುಕೊಂಡಿದ್ದೇನೆ. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ದಿನಗಳಲ್ಲಂತೂ ಶಟ್‌ಡೌನ್ ಸಾಲದು, ಪ್ಲಗ್ಗನ್ನೇ ಕೀಳುತ್ತೇನೆ.

ಈಗ ಮಧ್ಯಾಹ್ನ ಉಂಡ ಕೂಡಲೇ ಸ್ಲೀಪ್‌ಗೆ ಹಾಕಿ ಹದಿನೈದು ನಿಮಿಷ ಬೀದಿಯಲ್ಲಿ ನಡೆದು ಬರುತ್ತೇನೆ. ರಾತ್ರಿ ಒಂಬತ್ತೂವರೆಗೆ ಶಟ್‌ಡೌನ್, ಗೋಡೆಯ ಸ್ವಿಚ್ಚೂ ಆಫ್. ಸ್ಕ್ರೀನ್ ಕಪ್ಪಾದರೆ ಮೇಜಿನ ಹತ್ತಿರ ಕೂರಲು ಕಾರಣವಿಲ್ಲ, ಬಟ್ಟಲಿಗೂ ಕಾರಣವಿಲ್ಲ. ಮೂರು ವಾರದಲ್ಲಿ ಬೆಳಗಿನ ಶುಗರ್ 118ಕ್ಕೆ ಇಳಿಯಿತು. ಬೇಗ ಮಲಗಿದ್ದೂ ಅದಕ್ಕೆ ಕಾರಣವಿರಬಹುದು, ನಾನು ಬೇರೆ ಮಾಡಿ ನೋಡಿಲ್ಲ. ಶುರು ಮಾಡಿ ಆರು ತಿಂಗಳಾಗುವ ಹೊತ್ತಿಗೆ ಎಚ್‌ಬಿಎ1ಸಿ 6.3, ತೂಕ 84ರಿಂದ 76. ಮಾತ್ರೆ ಇನ್ನೂ ಇದೆ, ಮುಂದಿನ ಪರೀಕ್ಷೆ ನೋಡಿ ತೀರ್ಮಾನ ಮಾಡೋಣ ಎಂದು ಡಾಕ್ಟ್ರು ಅಂದಿದ್ದಾರೆ. ಕರೆಂಟ್ ಬಿಲ್ 170 ಯೂನಿಟ್‌ನ ಸುತ್ತ ನಿಂತಿದೆ.

ಮಂಡಕ್ಕಿಯನ್ನು ಪೂರ್ತಿ ಬಿಟ್ಟಿಲ್ಲ. ಭಾನುವಾರ ಅವ್ವ ಮಂಡಕ್ಕಿ ಒಗ್ಗರಣೆ ಹಾಕಿದಾಗ ನಾನೂ ಒಂದು ಹಿಡಿ ತಿನ್ನುತ್ತೇನೆ, ಅಡುಗೆಮನೆಯಲ್ಲಿ, ಊಟದ ಜೊತೆಗೇ. ನನ್ನ ಪಾಲಿಗೆ ಅವಳು ಶೇಂಗಾ ಜಾಸ್ತಿ ಹಾಕುತ್ತಾಳೆ.